ಕೋವಿ ಕೊಡದ ಆಚೆಮನೆ ಅತ್ತೆ

ಪೊಲೀಸ್ ಸ್ಟೇಷನ್ನಿನ ಜಗಲಿಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಬರಬಾರದು. ಅಲ್ಲಿಗೆ ಒಪ್ಪುವ ವಾಸನೆಗಳು ಬೇರೆ: ಹಳೆಯ ಕಾಗದ, ಫಿನಾಯಿಲು, ಯಾರೋ ಅರ್ಧ ಕುಡಿದಿಟ್ಟ ಟೀ. ಆದರೆ ಹೋದ ಚುನಾವಣೆಗೆ ಮುಂಚೆ ಕೋವಿ ಒಪ್ಪಿಸಲು ಸಾಲಿನಲ್ಲಿ ನಿಂತಿದ್ದಾಗ, ನನ್ನ ಮುಂದಿದ್ದವರು ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ತಮ್ಮ ಕೋವಿಯನ್ನು ಬಿಚ್ಚಿದರು ನೋಡಿ, ಘಮ್ಮೆಂದು ಕೊಬ್ಬರಿ ಎಣ್ಣೆ. ನಾನು ಸಾಲು ಬಿಟ್ಟು ಎರಡು ಹೆಜ್ಜೆ ಪಕ್ಕಕ್ಕೆ ಸರಿದೆ. ಹಿಂದಿನವರು ಅದನ್ನೇ ಕಾಯುತ್ತಿದ್ದವರಂತೆ ಮುಂದೆ ನುಗ್ಗಿದರು.

ಚುನಾವಣೆ ಬಂತೆಂದರೆ ನಮ್ಮ ಕಡೆ ಲೈಸೆನ್ಸ್ ಇರುವ ಕೋವಿಗಳೆಲ್ಲ ಸ್ಟೇಷನ್ನಿಗೆ ಹೋಗಿ, ಮತ ಎಣಿಕೆ ಮುಗಿಯುವ ತನಕ ಸರ್ಕಾರದ ಅತಿಥಿಗಳಾಗಿರಬೇಕು. ಕೊರಳಿಗೆ ದಾರ ಕಟ್ಟಿ ರಟ್ಟಿನ ಚೀಟಿ ನೇತುಹಾಕುತ್ತಾರೆ. ಗೋಡೆಗೆ ಒರಗಿ ಸಾಲಾಗಿ ನಿಂತಾಗ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಕಾಣುತ್ತವೆ. ಸಾಲಿನಲ್ಲಿದ್ದವರು ಪ್ರತಿ ಸಲದಂತೆ ಗೊಣಗುತ್ತಿದ್ದರು. "ನಮ್ ಕೋವಿಗೆ ಹಂದಿನೇ ಹೆದ್ರಲ್ಲ, ಇನ್ನು ಕ್ಯಾಂಡಿಡೇಟ್ ಹೆದರ್ತಾನಾ ಮಾರಾಯ" ಎಂದು ಒಬ್ಬರು ಹೇಳಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಮನಸ್ಸು ಎಣ್ಣೆಯ ಹಿಂದೆ ಹೊರಟುಹೋಗಿತ್ತು... ಕೋವಿಗೆ ಕೊಬ್ಬರಿ ಎಣ್ಣೆ ಒರೆಸುತ್ತಿದ್ದವರು ನನಗೆ ಗೊತ್ತಿದ್ದಂತೆ ಈ ಗುಡ್ಡಗಳಲ್ಲಿ ಒಬ್ಬರೇ ಇದ್ದರು.

ಅವರು ನಮ್ಮ ಆಚೆಮನೆ ಅತ್ತೆ.

ನಮ್ಮೂರು ಹೊಂಗಡಹಳ್ಳ ದಾಟಿ ಬಿಸಿಲೆ ಕಡೆ ಹೋಗುವಾಗ ಬಲಕ್ಕೆ ಇಳಿದರೆ ಸಿಗುತ್ತದೆ, ಇಳಿಯದಿದ್ದರೆ ಸಿಗುವುದಿಲ್ಲ. ಅಲ್ಲಿ ನಮ್ಮ ಮನೆಗೂ ಅತ್ತೆಯ ಮನೆಗೂ ನಡುವೆ ಒಂದು ಸಾಲು ಸಿಲ್ವರ್ ಓಕ್, ಒಂದು ಸಣ್ಣ ತೊರೆ. ರಕ್ತಸಂಬಂಧದಲ್ಲಿ ಅವರು ನನಗೆ ಏನೂ ಆಗಬೇಕಿರಲಿಲ್ಲ. ಊರೆಲ್ಲ ಅತ್ತೆ ಎನ್ನುತ್ತಿತ್ತು, ನಾನೂ ಎನ್ನುತ್ತಿದ್ದೆ. ಅವರು ಮಾತ್ರ ಆ ಸಂಬಂಧವನ್ನು ಗಂಭೀರವಾಗಿ ತೆಗೆದುಕೊಂಡು ನನ್ನನ್ನು "ಅಳಿಯಂದ್ರೇ" ಎಂದು ಬಹುವಚನದಲ್ಲಿ ಕರೆಯುತ್ತಿದ್ದರು. ಅದು ಬೈಯುವಾಗ. ಬೈಯದಿದ್ದಾಗ "ಲೋ".

ಅವರ ಗಂಡ ತೀರಿಕೊಂಡಾಗ ನಾಲ್ಕು ಎಕರೆ ಕಾಫಿ, ಒಂದಿಷ್ಟು ಗದ್ದೆ, ಎರಡು ಹಸುವಿನ ಜೊತೆಗೆ ಒಂಟಿ ನಳಿಗೆಯ ಕೋವಿಯೊಂದೂ ಅತ್ತೆಯ ಹೆಸರಿಗೆ ಬಂತು. ಮಕ್ಕಳಿರಲಿಲ್ಲ. ಉಳಿದದ್ದನ್ನೆಲ್ಲ ಅವರು ಸರಾಗವಾಗಿ ನಡೆಸಿಕೊಂಡು ಹೋದರು. ಕೋವಿಯನ್ನು ಮಾತ್ರ ಮನೆಗೆ ಬಂದ ಕಚ್ಚುವ ನಾಯಿಯಂತೆ ಕಾಣುತ್ತಿದ್ದರು. ಊಟ ಹಾಕಬೇಕು, ಹಗ್ಗ ಬಿಚ್ಚಬಾರದು. ಕೋವಿ ನಡುಮನೆಯ ಕಬ್ಬಿಣದ ಬೀರುವಿನಲ್ಲಿ. ತೋಟಾಗಳು ಅಡುಗೆಮನೆಯ ಅಟ್ಟದ ಮೇಲೆ ಡಬ್ಬಿಯಲ್ಲಿ. ಬೀರುವಿನ ಬೀಗದ ಕೀ ಸೆರಗಿನ ಗಂಟಿನಲ್ಲಿ. ಈ ಮೂರೂ ಒಂದು ಕಡೆ ಸೇರಿದ್ದನ್ನು ಯಾರೂ ಕಂಡವರಿಲ್ಲ. ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡು ಕೋವಿಗೆ ಎಣ್ಣೆ ಒರೆಸುತ್ತಿದ್ದರು. ತಲೆಗೆ ಯಾವ ಎಣ್ಣೆಯೋ ಕೋವಿಗೂ ಅದೇ. ಎರಡಕ್ಕೂ ತುಕ್ಕು ಹಿಡಿದಿಲ್ಲ ಎಂಬುದು ಅವರ ವಾದ.

ಈ ಶಿಸ್ತಿಗೆ ಒಂದು ಪೂರ್ವಕಥೆ ಇತ್ತು. ಮದುವೆಯಾದ ಹೊಸತರಲ್ಲಿ ಅತ್ತೆಯ ಅಪ್ಪ ಮಗಳನ್ನು ನೋಡಲು ಬಂದು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದರಂತೆ. ಹೊಸ ಅಳಿಯ ತಮ್ಮ ಕೋವಿಯನ್ನು ತಂದು ತೋರಿಸಿ, "ಖಾಲಿ ಐತೆ, ಹೆದ್ರಬ್ಯಾಡಿ" ಎಂದರಂತೆ. ಮರುಗಳಿಗೆ ಮಾಡಿನ ಹೆಂಚುಗಳು ಕೆಳಗೆ. ಒಂದು ಚೂರು ನೇರ ಕಾಫಿ ಲೋಟಕ್ಕೆ. ಹಿರಿಯರು ಲೋಟ ಕೆಳಗಿಟ್ಟು, ಹೆಗಲ ಮೇಲಿನ ಮಣ್ಣು ಕೊಡವಿಕೊಂಡು, "ಖಾಲಿ ಇದ್ದಾಗ್ಲೇ ಹಿಂಗಾದ್ರೆ..." ಎಂದು ಮಾತನ್ನು ಅಲ್ಲಿಗೇ ಬಿಟ್ಟರಂತೆ. ಅಂದಿನಿಂದ ಆ ಮನೆಯಲ್ಲಿ ಡಬ್ಬಿ ಖಾಲಿಯಾಗಬಹುದಿತ್ತು, ಹಂಡೆ ಖಾಲಿಯಾಗಬಹುದಿತ್ತು. ಕೋವಿ ಖಾಲಿ ಇದೆ ಎಂಬ ಮಾತನ್ನು ಮಾತ್ರ ಅತ್ತೆ ಎಂದೂ ನಂಬಲಿಲ್ಲ.

ಈಗ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ನಾಲ್ಕು ವಸ್ತುಗಳನ್ನು ನಾವು ಎರವಲು ಕೇಳಿದರೆ ಇಲ್ಲ ಎನ್ನುವುದಿಲ್ಲ: ಏಣಿ, ಹಾರೆ, ಔಷಧಿ ಹೊಡೆಯುವ ಪಂಪು, ಕೋವಿ. ಲೈಸೆನ್ಸು ಒಬ್ಬರದು, ಕೋವಿ ಊರಿನದು. ಕಾನೂನಿನಲ್ಲಿ ಇದಕ್ಕೆ ಬೇರೆ ಹೆಸರಿದೆ; ನಮ್ಮಲ್ಲಿ ಇದಕ್ಕೆ ಒಳ್ಳೆಯತನ ಎನ್ನುತ್ತಾರೆ. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿಗಳು ಮಂದೆಯಾಗಿ ಇಳಿದು, ತಿಂದದ್ದಕ್ಕಿಂತ ಹೆಚ್ಚು ಹೊರಳಾಡಿ ಹಾಳು ಮಾಡುತ್ತವೆ. ಆಗ ಕೋವಿ ಇಲ್ಲದವರು ಕೋವಿ ಇದ್ದವರ ಮನೆ ಬಾಗಿಲಿಗೆ ಬರುತ್ತಾರೆ. ಲೈಸೆನ್ಸು ಕೊಟ್ಟಿರುವುದು ಬೆಳೆ ಕಾಯುವುದಕ್ಕೆ, ಸಾರು ಮಾಡುವುದಕ್ಕಲ್ಲ ಎಂಬ ಸೂಕ್ಷ್ಮವನ್ನು ಎಲ್ಲರೂ ಬಲ್ಲರು. ಬಲ್ಲವರು ಹೆಚ್ಚು ಮಾತಾಡುವುದಿಲ್ಲ.

ಅತ್ತೆಯ ಬಾಗಿಲಿಗೆ ಹೆಚ್ಚಾಗಿ ಬರುತ್ತಿದ್ದವನು ಅವರ ಮೈದುನನ ಮಗ. ಮೂವತ್ತು ದಾಟಿದ್ದ, ಒಳ್ಳೆಯ ದುಡಿಮೆಗಾರ. ಗದ್ದೆ ಕಾಡಿಗೆ ಅಂಟಿಕೊಂಡೇ ಇದ್ದುದರಿಂದ ಹಂದಿಗಳು ಮೊದಲು ಅವನಲ್ಲಿಗೇ ಬಂದು, ಹೊಟ್ಟೆ ತುಂಬದಿದ್ದರೆ ಮಾತ್ರ ಮುಂದಿನವರಲ್ಲಿಗೆ ಹೋಗುತ್ತಿದ್ದವು. ಅವನ ಕಷ್ಟ ಸುಳ್ಳಲ್ಲ. ಆದರೆ ಕೋವಿ ಕೈಗೆ ಬಂದರೆ ಅವನು ಬೇರೆಯೇ ಮನುಷ್ಯ. ನಾಲ್ಕು ಜನ ಗೆಳೆಯರು ಸೇರುತ್ತಿದ್ದರು, ಕೋವಿ ಕೈಯಿಂದ ಕೈಗೆ ತಿರುಗುತ್ತಿತ್ತು, ಕೊನೆಗೆ ಯಾರ ಹೆಗಲ ಮೇಲಿದೆ ಎಂದು ಹುಡುಕಬೇಕಾಗುತ್ತಿತ್ತು. ಒಮ್ಮೆ ನಾನು ಅತ್ತೆಯ ಜಗಲಿಯಲ್ಲಿ ಕೂತಿದ್ದಾಗಲೇ ಬಂದ.

"ದೊಡ್ಡವ್ವ, ಕೋವಿ ಕೊಡು. ಒಂದಿನ ಅಷ್ಟೇಯ."

"ಯಾಕ್ಲಾ?"

"ಹಂದಿ ಬಂದು ಗದ್ದೆಲ್ಲ ಚಾಪೆ ಹಾಸಿದಂಗೆ ಮಾಡ್ಬುಟ್ಟವೆ."

"ಲೈಸೆನ್ಸಲ್ಲಿ ಹಂದಿ ಹೆಸ್ರು ಐತಾ?"

"ಇಲ್ಲ."

"ನಿನ್ ಹೆಸ್ರು?"

"ಇಲ್ಲ ಕಣವ್ವ."

"ಹಂಗಾದ್ರೆ ನೀವಿಬ್ರೂ ಒಂದೇ. ಕೂತ್ಕ, ಕಡುಬು ಬೆಂದೈತೆ."

ಅವನು ಕೂತು ಎಂಟು ಕಡುಬು ತಿಂದು, ನನ್ನ ಹಿಂದೆಯೇ ತೊರೆ ದಾಟಿ ನಮ್ಮ ಮನೆಗೆ ಬಂದ. ನಾನು ಕೊಟ್ಟೆ. ಈ ವಿಷಯದಲ್ಲಿ ನಾನು ಊರಿಗೆ ಬಹಳ ಬೇಕಾದವನಾಗಿದ್ದೆ.

ಎರಡು ದಿನ ಬಿಟ್ಟು ಕೋವಿ ವಾಪಸು ಬಂತು. ಜೊತೆಗೆ ಬಾಳೆಲೆಯ ಪೊಟ್ಟಣವೊಂದು ಬಂತು. ಅದರಲ್ಲಿ ಏನಿತ್ತೆಂದು ಬರೆಯುವ ಅಗತ್ಯ ಇಲ್ಲಿಲ್ಲ. ಕೋವಿಯನ್ನು ಎಂದಿನಂತೆ ನಡುಮನೆಯ ಗೋಡೆಯ ಮೊಳೆಗೆ ನೇತುಹಾಕಿದೆ. ಅದರ ಕೆಳಗೆ ನನ್ನ ಮಗಳು ಮಣೆ ಹಾಕಿಕೊಂಡು ಮಗ್ಗಿ ಬರೆಯುವ ಜಾಗ. ಮೂರು ದಿನ ಬರೆದಳು. ನಾಲ್ಕನೆಯ ದಿನ ಅತ್ತೆ ಮೊಸರಿಗೆ ಹೆಪ್ಪು ಕೇಳಿಕೊಂಡು ಬಟ್ಟಲು ಹಿಡಿದು ಬಂದರು. ಗೋಡೆ ನೋಡಿದರು, ಮಗಳನ್ನು ನೋಡಿದರು, ನನ್ನನ್ನು ನೋಡಿದರು.

"ವಾಪಸ್ ಬಂದ್ಮೇಲೆ ತೆಗ್ದು ನೋಡಿದೀಯೇನೋ?"

"ಖಾಲಿ ಐತೆ ಅತ್ತೆ" ಎಂದೆ.

ಅವರು ಬಟ್ಟಲನ್ನು ಕೆಳಗಿಟ್ಟರು. ಮಗಳನ್ನು ಒಳಗೆ ಹೋಗಿ ಅಮ್ಮನನ್ನು ಹೆಪ್ಪು ಕೇಳೆಂದು ಕಳಿಸಿದರು. ಆಮೇಲೆ ಕೋವಿಯನ್ನು ಇಳಿಸಿ, ಬಾಯಿ ಯಾರೂ ಇಲ್ಲದ ಕಡೆ ತಿರುಗಿಸಿ, ನಳಿಗೆಯನ್ನು ಬುಡದಲ್ಲಿ ಮುರಿದು ತೆರೆದರು. ಕೆಂಪು ತೋಟಾ ಒಂದು ಹೊರಗೆ ಜಾರಿತು. ಹೊಡೆಯದ ತೋಟಾ. ಅದನ್ನು ಮಗಳ ಮಗ್ಗಿ ಪುಸ್ತಕದ ಮೇಲೆ ನಿಲ್ಲಿಸಿಟ್ಟು, "ಇದೇನು ಅಳಿಯಂದ್ರೇ" ಎಂದರು. ಅಷ್ಟೇ ಹೇಳಿದ್ದು. ಹೆಪ್ಪು ಇಸಿದುಕೊಂಡು ಹೊರಟುಹೋದರು. ನನ್ನ ಹೆಂಡತಿ ಒಂದು ವಾರ ನನ್ನೊಡನೆ ಮಾತಾಡಲಿಲ್ಲ. ನಾನೂ ನನ್ನೊಡನೆ ಅಷ್ಟಾಗಿ ಮಾತಾಡಲಿಲ್ಲ...

ಆ ನಂತರವೇ ಇರಬೇಕು, ಲೈಸೆನ್ಸು ನವೀಕರಣಕ್ಕೆ ಕೋವಿ ಹಿಡಿಯುವ ತರಬೇತಿಯ ಸರ್ಟಿಫಿಕೇಟು ತರಬೇಕು, ಕೋವಿಯನ್ನು ಬೀಗ ಹಾಕಿಡುವ ಜಾಗ ಇರಬೇಕು ಎಂಬ ಮಾತು ನಮ್ಮ ಗುಡ್ಡಕ್ಕೂ ಬಂದು ತಲುಪಿತು. ಬಾಳ್ಳುಪೇಟೆಯಲ್ಲಿ ನಾವು ದೋಸೆ ತಿನ್ನುವ ಹೋಟೆಲಿನಲ್ಲಿ ಅಂದು ನಡೆದ ಚರ್ಚೆ ವಿಧಾನಸಭೆಗೆ ಕಡಿಮೆಯದಲ್ಲ. ಆಳುವ ಪಕ್ಷ ಇರಲೇ ಇಲ್ಲ. ಎಲ್ಲರೂ ವಿರೋಧ ಪಕ್ಷ. ಹುಟ್ಟಿದಾಗಿನಿಂದ ಕೋವಿ ಹಿಡಿದವರಿಗೆ ತರಬೇತಿ ಎಂದರೆ ಮೀನಿಗೆ ಈಜು ಕಲಿಸಿದಂತೆ ಎಂದರು ಒಬ್ಬರು. ಅಂಗಳಕ್ಕೆ ಆನೆ ಬಂದಾಗ ಬೀರುವಿನ ಕೀ ಹುಡುಕುತ್ತಾ ಕೂರಲಿಕ್ಕಾಗುತ್ತದೆಯೇ ಎಂದರು ಇನ್ನೊಬ್ಬರು. ಅದು ತೆಗೆದುಹಾಕುವಂಥ ಮಾತಲ್ಲ. ಆನೆ ಬಂದ ಅಂಗಳದಲ್ಲಿ ನಾನೂ ನಿಂತವನೇ. ಕಳ್ಳಕೋವಿ ಇಟ್ಟವರನ್ನು ಬಿಟ್ಟು ಲೈಸೆನ್ಸ್ ಇದ್ದ ಮರ್ಯಾದಸ್ಥರನ್ನೇ ಯಾಕೆ ಹಿಡಿಯುತ್ತಾರೆ ಎಂದು ಮೂರನೆಯವರು ಕೇಳಿದಾಗ ಟೇಬಲ್ಲುಗಳೆಲ್ಲ ತಲೆದೂಗಿದವು.

ಮೆಣಸು ಮಾರಲು ಬಂದಿದ್ದ ಅತ್ತೆ ಮೂಲೆಯಲ್ಲಿ ಕಾಫಿ ಆರಿಸಿಕೊಳ್ಳುತ್ತಿದ್ದರು.

"ಕಳ್ಳ ಆದೋನು ಕೋವೀನ ಬಚ್ಚಿಡ್ತಾನೆ ಕಣ್ರೀ" ಎಂದರು, ಲೋಟದಿಂದ ತಲೆ ಎತ್ತದೆ. "ಗೋಡೆಗೆ ನೇತಾಕೋರು ಒಳ್ಳೇರು. ಕಾನೂನು ಇರೋದೇ ನಿಮ್ಮಂಥ ಒಳ್ಳೇರಿಗೆ."

ನಾನು ನನ್ನ ದೋಸೆಯ ಅಂಚನ್ನು ಬಹಳ ಹೊತ್ತು ಪರಿಶೀಲಿಸಿದೆ. ಚೆನ್ನಾಗಿ ಬೆಂದಿತ್ತು.

ಆದರೆ ಆ ಕಾನೂನಿನ ಬಿಸಿ ಮೊದಲು ತಟ್ಟಿದ್ದು ಅತ್ತೆಗೇ. ಒಂದು ಭಾನುವಾರ ಅವರ ಮೈದುನ, ಅಂದರೆ ಆ ಹುಡುಗನ ಅಪ್ಪ, ಇನ್ನಿಬ್ಬರು ಹಿರಿಯರನ್ನು ಕರೆದುಕೊಂಡು ಬಂದರು. ಬಹಳ ಮರ್ಯಾದೆಯ ಮಾತು. ಅತ್ತಿಗೆಗೆ ಎಪ್ಪತ್ತರ ಹತ್ತಿರವಾಯಿತು, ಈ ವಯಸ್ಸಿನಲ್ಲಿ ಹಾಸನಕ್ಕೆ ಹೋಗಿ ಗುಂಡು ಹೊಡೆದು ಪಾಸಾಗುವುದುಂಟೇ, ಮನೆತನದ ಕೋವಿ ಮನೆತನದಲ್ಲೇ ಉಳಿಯಲಿ, ಮಗನ ಹೆಸರಿಗೆ ಒಪ್ಪಿಗೆ ಬರೆದುಕೊಡಿ. ಅತ್ತೆ ಎಲ್ಲವನ್ನೂ ಕೇಳಿ, "ಪಾಸಾಗ್ಲಿಲ್ಲ ಅಂದ್ರೆ ಬರ್ಕೊಡ್ತೀನಿ" ಎಂದರು. ಮಾತು ಕೊಟ್ಟಂತಾಯಿತು. ಹಿರಿಯರು ಕಾಫಿ ಕುಡಿದು ಸಂತೋಷದಿಂದ ಹೊರಟರು. ಫಲಿತಾಂಶ ಅವರಿಗೆ ಆಗಲೇ ಗೊತ್ತಿತ್ತು.

ಸಂಜೆ ಅತ್ತೆ ತೊರೆ ದಾಟಿ ಬಂದರು. "ಕೊಡಲ್ಲ ಅಂತ ಮುಖಕ್ಕೆ ಹೇಳಿದ್ರೆ ಆ ಮನೆಗೂ ಈ ಮನೆಗೂ ಇವತ್ತಿಗೇ ಮುಗೀತು ಕಣೋ. ಸ್ಟೇಷನ್ನಿಗೆ ಕೊಟ್ಬುಡ್ತೀನಿ ಅಂದ್ರೂ ಅಷ್ಟೇ, ನಮ್ ಹುಡುಗನ್ನ ನಂಬಲಿಲ್ಲ ಅಂತಾರೆ. ಅವನ ಕೈಗೆ ಕೊಟ್ರೆ ನಾಲ್ಕು ಕೈಗೆ ಹೋಯ್ತದೆ. ಒಂದಿನ ಯಾರೋ ಕಾಫಿ ಗಿಡದ ಮರೇಲಿ ಸೌದೆ ಆರಿಸ್ತಿರ್ತಾರೆ, ಹಂದಿ ಅಂತ..." ಎಂದು ನಿಲ್ಲಿಸಿದರು. ಆಮೇಲೆ, "ಅವನು ಕೆಟ್ಟೋನಲ್ಲ. ಆಮೇಲೆ ಬದುಕಿರಾಕಿಲ್ಲ ಅವನು" ಎಂದರು.

ಹೀಗೆ ಎಪ್ಪತ್ತರ ಹೆಂಗಸೊಬ್ಬರು, ಒಂದು ಕೋವಿ ಎಂದೂ ಹಾರಬಾರದೆಂಬ ಒಂದೇ ಕಾರಣಕ್ಕೆ, ಅದನ್ನು ಹಾರಿಸಲು ಕಲಿಯಬೇಕಾಯಿತು. ನಾನು ಗುರುವಾಗಿ ನೇಮಕಗೊಂಡೆ. ನನ್ನ ಲೈಸೆನ್ಸೂ ಅದೇ ವರ್ಷ ನವೀಕರಣಕ್ಕಿತ್ತು, ಜೀಪೂ ಇತ್ತು.

ಅಷ್ಟು ವರ್ಷ ಕೋವಿ ಕಾಯ್ದವರು ಒಂದು ಸಲವೂ ಅದನ್ನು ಹೊಡೆದಿರಲಿಲ್ಲ. ಅಭ್ಯಾಸಕ್ಕೆ ಬೀರುವಿನಿಂದ ಕೋವಿ ತೆಗೆಯಲು ಒಪ್ಪಲೂ ಇಲ್ಲ. ಹಾಗಾಗಿ ಕಾಫಿ ಒಣಗಿಸುವ ಕಣದಲ್ಲಿ, ಒನಕೆಯನ್ನು ಹೆಗಲಿಗೆ ಇಟ್ಟುಕೊಂಡು, ಕಲ್ಲಿನ ಮೇಲಿಟ್ಟ ಬೂದುಗುಂಬಳಕ್ಕೆ ಗುರಿ. ಗುಂಡಿನ ಸದ್ದು ನಾನೇ ಮಾಡಬೇಕಾಗಿತ್ತು. ಎರಡನೆಯ ದಿನ ಒಂದು ಸತ್ಯ ಹೊರಬಿತ್ತು: ಗುರಿ ಹಿಡಿಯುವಾಗ ಅತ್ತೆ ಎರಡೂ ಕಣ್ಣು ಮುಚ್ಚುತ್ತಿದ್ದರು.

"ಒಂದೇ ಮುಚ್ಬೇಕು ಅತ್ತೆ."

"ಒಂದು ಮುಚ್ಚಿದ್ರೆ ಇನ್ನೊಂದೂ ಮುಚ್ಕತ್ತದೆ, ನಾನೇನ್ ಮಾಡ್ಲಿ. ಹುಟ್ಟಿದಾಗಿಂದ ಜೊತೆಗವೆ ಅವು."

ಬೂದುಗುಂಬಳ ಕೊನೆಯವರೆಗೂ ಕ್ಷೇಮವಾಗಿತ್ತು. ಆಮೇಲೆ ಪಲ್ಯವಾಯಿತು.

ಹಾಸನದ ತರಬೇತಿಗೆ ದಿನವೂ ಬೆಳಿಗ್ಗೆ ಕತ್ತಲಿದ್ದಾಗಲೇ ಹೊರಡುತ್ತಿದ್ದೆವು. ಅತ್ತೆ ಸೀರೆಯ ಮೇಲೆ ಸ್ವೆಟರು, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಕೈಯಲ್ಲಿ ಬುತ್ತಿ. ಹೆಂಗಸರು ಬೇರೆ ಯಾರೂ ಇರಲಿಲ್ಲ. ಉಳಿದವರೆಲ್ಲ ಮೀಸೆಯವರು, ಮೂರು ತಲೆಮಾರಿನ ಬೇಟೆ ಕಥೆಗಳನ್ನು ಹೊತ್ತು ಬಂದವರು. ತರಬೇತಿ ಕೊಡುವವರು ನಿವೃತ್ತಿ ಹತ್ತಿರವಾಗಿದ್ದ ಒಬ್ಬ ದಫೇದಾರರು. ತೆಳ್ಳಗೆ, ಮೆಲ್ಲನೆಯ ದನಿ, ಕೋವಿಯನ್ನು ನಿದ್ದೆ ಮಾಡುವ ಮಗುವಿನಂತೆ ಎತ್ತುವವರು. ಅವರ ಪಾಠವನ್ನು ಮೀಸೆಗಳು ಹಿಂದಿನ ಬೆಂಚಿನಲ್ಲಿ ಕೂತು ಆಕಳಿಸುತ್ತಾ ಕೇಳಿದವು. ಅತ್ತೆ ಮೊದಲ ಬೆಂಚಿನಲ್ಲಿ ಕೂತು, ನನ್ನ ಮಗಳಿಂದ ತಂದಿದ್ದ ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ನಡುವೆ ಕೈ ಎತ್ತಿ, ಎಣ್ಣೆ ಒರೆಸುವುದು ಎಷ್ಟು ದಿನಕ್ಕೊಮ್ಮೆ ಎಂದು ಕೇಳಿದರು. ಯಾವ ಎಣ್ಣೆ ಎಂಬ ಪ್ರಶ್ನೆ ಬಂದಾಗ ಮಾತ್ರ ನಾನು ಕಿಟಕಿಯಾಚೆ ನೋಡಿದೆ.

ಕೊನೆಯ ದಿನ ಬೆಳಿಗ್ಗೆ ಗುರಿ ಪರೀಕ್ಷೆ. ಒಬ್ಬೊಬ್ಬರಿಗೆ ಐದು ಈಡು. ಮೀಸೆಗಳು ಚೆನ್ನಾಗಿಯೇ ಹೊಡೆದವು. ನನಗೂ ಮೂರು ತಾಗಿದವು. ಅತ್ತೆ ಐದೂ ಹೊಡೆದರು. ಹಲಗೆಯಲ್ಲಿ ಒಂದು ತೂತೂ ಇರಲಿಲ್ಲ. ಹಿಂದಿನ ಮಣ್ಣಿನ ದಿಬ್ಬದಲ್ಲಿ ನಾಲ್ಕರ ಗುರುತು ಸಿಕ್ಕಿತು. ಐದನೆಯದು ಎಲ್ಲಿ ಹೋಯಿತೆಂದು ದಫೇದಾರರು ಸ್ವಲ್ಪ ಹೊತ್ತು ಆಕಾಶ ನೋಡಿದರು. ಹಿಂದೆ ಯಾರೋ ಕಿಸಕ್ಕೆಂದರು. ಅತ್ತೆ ಹೆಗಲು ನೀವಿಕೊಳ್ಳುತ್ತಾ ಬಂದು ನನ್ನ ಪಕ್ಕ ಕೂತರು. ಮುಖ ಬಿಳುಚಿತ್ತು. "ಬರ್ಕೊಡ್ಬೇಕಾಯ್ತದೆ ಕಣೋ" ಎಂದರು. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಮಧ್ಯಾಹ್ನ ದಫೇದಾರರು ನಮ್ಮನ್ನು ಒಂದು ಕೋಣೆಯೊಳಗೆ ಒಬ್ಬೊಬ್ಬರಾಗಿ ಕರೆದರು. ಇನ್ನೊಂದು ಬಾಗಿಲಿನಿಂದ ಆಚೆಗೆ ಕಳಿಸುತ್ತಿದ್ದರು. ಹೋದವರು ಈ ಕಡೆ ಬರುವಂತಿರಲಿಲ್ಲ. ನನ್ನ ಸರದಿ ಬಂತು. ಒಳಗೆ ಗೋಡೆಗೆ ಒರಗಿಸಿದ್ದ ಒಂದು ಕೋವಿ, ಆ ತುದಿಗೆ ಒಂದು ಮೇಜು. "ಆ ಕೋವೀನ ತಗೊಂಡು ಹೋಗಿ ಮೇಜಿನ ಮೇಲಿಡಿ ಸಾರ್" ಎಂದರು. ಇಷ್ಟೇನೇ ಎಂದುಕೊಂಡೆ. ಕೋವಿಯನ್ನು ಹೆಗಲಿಗೇರಿಸಿ, ತಕ್ಕಮಟ್ಟಿಗೆ ಗಾಂಭೀರ್ಯದಿಂದ ನಡೆದು, ಮೇಜಿನ ಮೇಲಿಟ್ಟು, ತಿರುಗಿ ನಿಂತೆ. ಅವರು ನಿಧಾನವಾಗಿ ಬಂದು ಕೋವಿಯನ್ನು ತೆರೆದರು. ಒಳಗಿಂದ ತೋಟಾ ಒಂದು ಉರುಳಿತು. ಮದ್ದಿಲ್ಲದ ಡಮ್ಮಿ. ಆದರೆ ನೋಡುವುದಕ್ಕೆ ಕೆಂಪಗೆ, ಮಗ್ಗಿ ಪುಸ್ತಕದ ಮೇಲೆ ನಿಂತಿದ್ದಂಥದ್ದೇ. "ಆ ಬಾಗ್ಲಲ್ಲಿ ಹೋಗಿ ಸಾರ್" ಎಂದರು ದಫೇದಾರರು, ಬಹಳ ಮೃದುವಾಗಿ.

ಆಚೆಗೆ ಹೋದರೆ ಅಲ್ಲಿ ಮೂರು ತಲೆಮಾರಿನ ಬೇಟೆ ಕಥೆಗಳೆಲ್ಲ ತಲೆ ಬಗ್ಗಿಸಿ ಕೂತಿದ್ದವು. ಒಬ್ಬರು ಕೋವಿಯನ್ನು ಊರುಗೋಲಿನಂತೆ ಊರಿಕೊಂಡು ಹೋಗಿದ್ದರಂತೆ. ಒಬ್ಬರು ಹೋಗುವ ದಾರಿಯಲ್ಲಿ ಕಿಟಕಿಯ ಕಾಗೆಗೆ ಗುರಿ ಹಿಡಿದಿದ್ದರಂತೆ. ಒಬ್ಬರೂ ತೆರೆದು ನೋಡಿರಲಿಲ್ಲ. ಹುಟ್ಟಿದಾಗಿನಿಂದ 'ಖಾಲಿ ಐತೆ' ಎಂಬ ಮಾತಿನ ಜೊತೆಗೇ ಕೋವಿ ಇಸಿದುಕೊಂಡವರು ನಾವು. ಕೊಡುವವರು ಹೇಳದಿದ್ದರೂ ನಮಗೆ ಕೇಳಿಸುತ್ತದೆ.

ಕೊನೆಗೆ ಅತ್ತೆಯ ಸರದಿ. ಐದು ನಿಮಿಷವಾದರೂ ಬಾಗಿಲು ತೆರೆಯಲಿಲ್ಲ. ಒಳಗಿಂದ ದನಿ ಕೇಳಿತು, ದಫೇದಾರರದಲ್ಲ.

"ಯಾರಪ್ಪ ಇದ್ನ ಹಿಂಗೆ ಬುಟ್ಟೋನು? ಗೋಡೆಗೆ ಒರಗ್ಸಿ ಹೋಗೋರು ಯಾರು? ಮಕ್ಳು ಮರಿ ಓಡಾಡೋ ಜಾಗ ಇದು."

"ಅಮ್ಮ, ಅದು ಪರೀಕ್ಷೆಗೆ ಅಂತ ನಾನೇ..."

"ನೀವಾ? ಈ ವಯಸ್ಸಲ್ಲಿ? ನಿಮ್ ಸಾಹೇಬ್ರು ಎಲ್ಲವ್ರೆ?"

ಬಾಗಿಲು ತೆರೆದಾಗ ಕಂಡದ್ದು ಹೀಗೆ: ಮೇಜಿನ ಮೇಲೆ ಕೋವಿ, ಮುರಿದು ಬಾಯಿ ತೆರೆದು ಮಲಗಿಸಿದ್ದು. ಡಮ್ಮಿ ತೋಟಾ ಅತ್ತೆಯ ಸೆರಗಿನ ಗಂಟಿನಲ್ಲಿ. ದಫೇದಾರರು ಕೈ ಚಾಚಿ ಅದನ್ನು ಕೇಳುತ್ತಿದ್ದರು, ಅತ್ತೆ ಕೊಡುತ್ತಿರಲಿಲ್ಲ. ಸರ್ಕಾರದ ತೋಟಾ ಸರ್ಕಾರಕ್ಕೆ ವಾಪಸು ಬರಲು ಇನ್ನೂ ಹತ್ತು ನಿಮಿಷ ಹಿಡಿಯಿತು. ಆಮೇಲೆ ದಫೇದಾರರು ನಮ್ಮನ್ನೆಲ್ಲ ಕೂಡಿಸಿ ಹೇಳಿದರು: ಗುರಿ ತಪ್ಪಿದರೆ ಹಂದಿ ಬದುಕುತ್ತದೆ, ಅದಕ್ಕೆ ನನ್ನ ತಕರಾರಿಲ್ಲ, ಕೋವಿ ತೆರೆದು ನೋಡುವುದು ತಪ್ಪಿದರೆ ಮನುಷ್ಯ ಹೋಗುತ್ತಾನೆ, ಅದಕ್ಕೆ ನಾನು ಸಹಿ ಹಾಕುವುದಿಲ್ಲ. ಆ ದಿನ ಸರ್ಟಿಫಿಕೇಟು ಸಿಕ್ಕಿದ್ದು ಒಬ್ಬರಿಗೇ. ಉಳಿದವರು ನಾಳೆ ಮತ್ತೆ ಬರಬೇಕು.

ಹಾಸನದಿಂದ ಬಾಳ್ಳುಪೇಟೆಯವರೆಗೆ ಅತ್ತೆ ಒಂದೇ ಒಂದು ಮಾತು ಆಡಿದರು. "ಅಳಿಯಂದ್ರು ನಾಳೆ ಒಬ್ರೇ ಹೋಗ್ಬೇಕೇನೋ." ಅಲ್ಲಿಂದ ಮುಂದಕ್ಕೆ ಇಬ್ಬರಿಗೂ ನಗು ತಡೆಯದೆ ಜೀಪು ಎರಡು ಸಲ ನಿಲ್ಲಿಸಬೇಕಾಯಿತು.

ಊರಿನ ತಿರುವಿನಲ್ಲಿ ಮೈದುನನ ಮಗ ಕಾಯುತ್ತಿದ್ದ. ಅತ್ತೆಯ ಮುಖ ನೋಡಿಯೇ ಅವನಿಗೆ ಗೊತ್ತಾಯಿತು. ಗಳಿಗೆ ಹೊತ್ತು ಅವನ ಮುಖ ಇಳಿಯಿತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಆಮೇಲೆ, "ಎಷ್ಟಕ್ಕೆ ಎಷ್ಟು ಹೊಡೆದೆ ದೊಡ್ಡವ್ವ?" ಎಂದ.

"ಐದಕ್ಕೆ ಸೊನ್ನೆ."

"ಮತ್ತೆ ಹೆಂಗೆ ಪಾಸಾದೆ?"

"ಹೊಡಿಯೋಕೆ ಬರಲ್ಲ ಅಂತಲೇ ಕೊಟ್ರು ಕಣ್ಲಾ" ಎಂದರು ಅತ್ತೆ.

ಅವನಿಗೂ ನಗು ಬಂತು. ನಕ್ಕ ಮೇಲೆ ಜಗಳ ಮುಂದುವರಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ.

ಅತ್ತೆಗೆ ಅವನ ಗದ್ದೆಯ ಚಿಂತೆ ಇರಲಿಲ್ಲವೆಂದಲ್ಲ. ಆ ವರ್ಷ ಭತ್ತ ಹಾಲುಗಟ್ಟಿದಾಗ ಇಳಿಹೊತ್ತಿನಲ್ಲಿ ಒಂದು ತಗಡಿನ ಡಬ್ಬ ಹಿಡಿದು ಅವನ ಅಟ್ಟಣೆ ಹತ್ತಿ ಕೂರುತ್ತಿದ್ದರು. ಡಬ್ಬ ನೆಪಕ್ಕೆ, ದನಿ ಸಾಕಾಗಿತ್ತು. ಹಂದಿಗಳಿಗೆ ಅವರು ಹೇಳುತ್ತಿದ್ದ ಮಾತುಗಳು ತೊರೆಯ ಈಚೆಗೆ ನಮಗೂ ಸ್ಪಷ್ಟವಾಗಿ ಕೇಳಿಸುತ್ತಿದ್ದವು, ಕೆಲವು ನಮಗೂ ಅನ್ವಯಿಸುತ್ತಿದ್ದವು. ಹಂದಿ ಬರಲೇ ಇಲ್ಲ ಎಂದು ಬರೆದರೆ ಕಥೆ ಚೆನ್ನಾಗಿರುತ್ತದೆ. ಬಂದವು. ಕಡಿಮೆ ಬಂದವು. ಅವನು ಕೋವಿ ಕೇಳುವುದನ್ನು ಬಿಟ್ಟ. ಕಡುಬಿಗೆ ಬರುವುದನ್ನು ಬಿಡಲಿಲ್ಲ.

ಅತ್ತೆ ತೀರಿಕೊಂಡು ಮೂರು ವರ್ಷವಾಯಿತು. ಕಾಯಿಲೆ ಎಂದು ಮಲಗಿದ್ದು ನಾಲ್ಕೇ ದಿನ. ತಿಥಿ ಮುಗಿದ ಮರುದಿನ ಹಿರಿಯರು ಕೂತು, ಲೈಸೆನ್ಸು ಇದ್ದವರು ಹೋದ ಮೇಲೆ ಕೋವಿ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಮುಂದಿನದು ಏನೆಂದು ತೀರ್ಮಾನವಾಗಲಿ ಎಂದರು. ಬೀರುವಿನ ಕೀ ಮೈದುನನ ಮಗನ ಕೈಗೆ ಬಂತು. ಸಾಕ್ಷಿಗೆ ನಾನು. ಅವನು ತೆರೆಯುವ ಮೊದಲು ನನ್ನ ಕಡೆ ನೋಡಿದ.

ಬೀರುವಿನಲ್ಲಿ ಕೋವಿ ಇರಲಿಲ್ಲ. ತೀರಿಕೊಳ್ಳುವ ಮುಂಚಿನ ಚುನಾವಣೆಗೆ ಕೋವಿ ಒಪ್ಪಿಸಿದ ಅತ್ತೆ ಅದನ್ನು ವಾಪಸು ತಂದೇ ಇರಲಿಲ್ಲ. ಸ್ವಂತ ಇಚ್ಛೆಯಿಂದ ಸರ್ಕಾರಕ್ಕೆ ಬಿಟ್ಟುಕೊಟ್ಟು, ಲೈಸೆನ್ಸು ರದ್ದು ಮಾಡಿಸಿಕೊಂಡಿದ್ದರು. ಸ್ಟೇಷನ್ನಿನ ಮೊಹರು ಬಿದ್ದ ಕಾಗದ ಅಲ್ಲೇ ಇತ್ತು. ಆ ಸಲ ಅವರು ಬಸ್ಸಿನಲ್ಲಿ ಒಬ್ಬರೇ ಹೋಗಿ, ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟೊಂದನ್ನು ಊರಿನ ಎಲ್ಲರ ಎದುರಿಗೇ ಹೊತ್ತು ತಂದದ್ದು ನನಗೆ ಚೆನ್ನಾಗಿ ನೆನಪಿತ್ತು. ಗಂಟು ಬೀರುವಿನಲ್ಲಿ ನೆಟ್ಟಗೆ ನಿಂತಿತ್ತು. ಬಿಚ್ಚಿದರೆ ಪಿವಿಸಿ ಪೈಪು. ಪಕ್ಕದಲ್ಲಿ ಒಂದು ಜಾಡಿ ಮಿಡಿ ಉಪ್ಪಿನಕಾಯಿ, ಬೀರುವಿನಷ್ಟು ಭದ್ರವಾದ ಜಾಗ ಮನೆಯಲ್ಲಿ ಬೇರೆ ಇಲ್ಲವೆಂದು ಇಟ್ಟದ್ದಿರಬೇಕು. ಒಂದೂವರೆ ವರ್ಷ ಊರಿಗೆ ಊರೇ ಒಂದು ಪೈಪಿಗೂ ಉಪ್ಪಿನಕಾಯಿಗೂ ಹೆದರಿಕೊಂಡು ಮರ್ಯಾದೆಯಿಂದ ಬದುಕಿತ್ತು.

ಯಾರಿಗೂ ಅವಮಾನ ಮಾಡದೆ, ಯಾರ ಕೈಗೂ ಕೊಡದೆ, ಬೈಸಿಕೊಳ್ಳುವುದಕ್ಕೆ ತಾವು ಇರದ ಹೊತ್ತಿಗೆ ಅವರು ಉತ್ತರ ಹೇಳಿದ್ದರು. ನಾನು ಮೈದುನನ ಮಗನ ಮುಖ ನೋಡಲು ಹಿಂಜರಿದೆ. ಅವನು ಪೈಪನ್ನು ಕೈಗೆತ್ತಿಕೊಂಡ. ಎತ್ತಿಕೊಂಡವನು, ಯೋಚನೆಯೇ ಮಾಡದೆ, ಅದರ ಬಾಯಿಯನ್ನು ಯಾರೂ ಇಲ್ಲದ ಗೋಡೆಯ ಕಡೆ ತಿರುಗಿಸಿ ಹಿಡಿದ. ಹಿಡಿದ ಮೇಲೆ ತಾನು ಮಾಡಿದ್ದು ಅವನಿಗೇ ಗೊತ್ತಾಯಿತು. ನಕ್ಕ. ನಗು ಮುಗಿಯುವ ಹೊತ್ತಿಗೆ ಅಳುತ್ತಿದ್ದ. ಜಗಲಿಯಿಂದ ಹಿರಿಯರು, "ಏನ್ರಪ್ಪಾ, ಕೋವಿ ಸರಿಯಾಗೈತಾ?" ಎಂದು ಕೂಗಿದರು. "ಸರಿಯಾಗೈತೆ" ಎಂದು ಅವನೇ ಹೇಳಿದ.

ಹೋದ ಚುನಾವಣೆ ಮುಗಿದು ನನ್ನ ಕೋವಿ ಮನೆಗೆ ಬಂದಿದೆ. ಅದಕ್ಕೂ ಈಗ ಬೀರು ಇದೆ, ಬೀಗ ಇದೆ. ಭತ್ತ ಹಾಲುಗಟ್ಟಿದೆ, ಎರವಲು ಕೇಳಿಕೊಂಡು ಜನ ಈಗ ನನ್ನ ಬಾಗಿಲಿಗೆ ಬರುತ್ತಾರೆ. ಇಲ್ಲ ಎನ್ನುತ್ತೇನೆ. ಕಾಫಿ ಕೊಡುತ್ತೇನೆ, ಕಾರಣ ಹೇಳುತ್ತೇನೆ, ಕಾನೂನನ್ನೂ ವಿವರಿಸುತ್ತೇನೆ. ಬೈದುಕೊಂಡು ಹೋಗುತ್ತಾರೆ. ಅತ್ತೆ ಇಲ್ಲ ಎಂದಾಗ ಇದೇ ಜನ ನಗುತ್ತಾ ಹೋಗುತ್ತಿದ್ದರು. ಅದು ಹೇಗೆಂದು ಅವರಿದ್ದಾಗಲೇ ಕೇಳಿಟ್ಟುಕೊಳ್ಳಬೇಕಾಗಿತ್ತು...